ಒಂದೂವರೆ ವರ್ಷದಿಂದ 1100 ರೇಟಿಂಗ್‌ನಲ್ಲೇ ಕೂತಿದ್ದೀನಿ, ಚೆಸ್ ನಿಜವಾಗಿ ಓದೋದು ಹೇಗೆ?

ಜೆರಾಕ್ಸ್ ಅಕ್ಕ:

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನಂದೊಂದು ಸಣ್ಣ ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಶಾಲೆ ಮಕ್ಕಳ ಪ್ರಾಜೆಕ್ಟು, ಇಷ್ಟೇ ವ್ಯಾಪಾರ. ಈಗ ಕಕ್ಕಡ, ನಮ್ಮ ಕೊಡಗಿನ ಜೋರು ಮಳೆಯ ತಿಂಗಳು. ಮಳೆ ಹಿಡಿದ್ರೆ ಬಿಡಲ್ಲ, ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ದೇವರಿಗೂ ಗೊತ್ತಿಲ್ಲ. ಮಷಿನ್ ನಿಂತ ಮೇಲೆ ನನಗೇನು ಕೆಲಸ? ಮೊಬೈಲ್‌ನಲ್ಲಿ ಚೆಸ್.

ಶುರುವಾಗಿದ್ದು ಮಗನಿಂದ. ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಹೇಳಿಕೊಟ್ರು, ಮನೆಗೆ ಬಂದು ಆಡೋಕೆ ಜನ ಬೇಕು ಅಂದ. ಅವನ ಅಪ್ಪ ‘ನಂಗೆ ಇಸ್ಪೀಟ್ ಬಿಟ್ಟು ಬೇರೇನೂ ಬರಲ್ಲ’ ಅಂತ ಕೈ ತೊಳ್ಕೊಂಡ್ರು. ಹಾಗಾಗಿ ನಾನೇ ಕಲಿತೆ. ಮೊದಲ ಮೂರು ತಿಂಗಳು ನಾನು ಗೆಲ್ತಿದ್ದೆ, ಅವನು ಅಳ್ತಿದ್ದ. ಈಗ ಅವನು ಗೆಲ್ತಾನೆ, ನಾನು ಅಳಲ್ಲ, ಅಷ್ಟೇ ವ್ಯತ್ಯಾಸ. ಹೋದ ವರ್ಷದ ಪುತ್ತರಿ (ಸುಗ್ಗಿ ಹಬ್ಬ) ದಿನದಿಂದ ಅವನ ಹತ್ರ ಒಂದು ಆಟವನ್ನೂ ಗೆದ್ದಿಲ್ಲ.

ಚೆಸ್‌ಡಾಟ್‌ಕಾಂನಲ್ಲಿ ಹತ್ತು ನಿಮಿಷದ ಆಟ ಆಡ್ತೀನಿ. ಒಂದೂವರೆ ವರ್ಷದಲ್ಲಿ ಮೇಲೆ ಹೋಗಿದ್ದು ಅಂದ್ರೆ 1162, ಕೆಳಗೆ 1040. ಇವತ್ತು ಬೆಳಗ್ಗೆ 1103. ಸುಮ್ಮನೆ ಕೂತಿಲ್ಲ ನಾನು. ಲಂಡನ್ ಸಿಸ್ಟಮ್ ಅನ್ನೋ ಓಪನಿಂಗ್ (ಆಟ ಶುರು ಮಾಡೋ ಕ್ರಮ) ಬಗ್ಗೆ ಆರು ಗಂಟೆ ವಿಡಿಯೊ ನೋಡಿದೆ. ದುಡ್ಡು ಕೊಟ್ಟು ಒಂದು ಓಪನಿಂಗ್ ಕೋರ್ಸ್ ತಗೊಂಡೆ, ಗಂಡನಿಗೆ ಹೇಳಿಲ್ಲ. ದಿನಾ ಮೂವತ್ತು ಪಜಲ್ ಮಾಡ್ತೀನಿ, ಟಕಟಕ ಅಂತ. ವಿಡಿಯೊ ನೋಡೋವಾಗ ಎಲ್ಲಾ ಅರ್ಥ ಆಗುತ್ತೆ, ‘ಅಯ್ಯೋ ಇಷ್ಟೇನಾ’ ಅನ್ಸುತ್ತೆ. ಆಟಕ್ಕೆ ಕೂತ್ರೆ ಹನ್ನೆರಡನೇ ನಡೆಗೆ ಕುದುರೆ ಬಿಟ್ಟಿ ಕೊಟ್ಟಿರ್ತೀನಿ.

ನನ್ನ ಹತ್ರ ದಿನಕ್ಕೆ ಮುಕ್ಕಾಲು ಗಂಟೆ ಇದೆ. ಅದರಲ್ಲಿ ಏನು ಮಾಡಬೇಕು, ಏನು ಬಿಡಬೇಕು? ದಯವಿಟ್ಟು ‘ಕೋಚಿಂಗ್ ಸೇರಿ’ ಅನ್ಬೇಡಿ. ಇಲ್ಲಿ ಸೇರೋಕೆ ಯಾರೂ ಇಲ್ಲ, ಇದ್ರೂ ಮೂವತ್ತಾರು ವರ್ಷದ ಹೆಂಗಸು ಒಂಬತ್ತು ವರ್ಷದ ಮಕ್ಕಳ ಸಾಲಲ್ಲಿ ಕೂರೋದು ಹೇಗೆ ಮಾರಾಯ್ರೆ.

ಒಂಟೆ ಸವಾರ:

ಪಜಲ್ ಒಳ್ಳೇದೇ, ಟಕಟಕ ಅನ್ನೋದು ಕೆಟ್ಟದ್ದು. ಮೂವತ್ತು ಬೇಡ, ಎಂಟು ಮಾಡಿ. ಕೊನೆಯವರೆಗೂ ತಲೆಯಲ್ಲೇ ನೋಡಿ ಆಮೇಲೆ ಬೆರಳು ಇಡಿ. ಲಿಚೆಸ್ ಹಾಕ್ಕೊಳ್ಳಿ, ಪೂರ್ತಿ ಉಚಿತ, ಜಾಹೀರಾತಿಲ್ಲ, ಇನ್ನೊಂದರಲ್ಲಿ ಇರೋ ಹಾಗೆ ದಿನಕ್ಕೆ ಇಷ್ಟೇ ಪಜಲ್ ಅನ್ನೋ ಮಿತಿ ಇಲ್ಲ. ಫೋರ್ಕ್ (ಒಂದೇ ಕಾಯಿಯಿಂದ ಎರಡಕ್ಕೆ ಗುರಿ) ಬೇಕಾ, ಪಿನ್ (ಸರಿದ್ರೆ ಹಿಂದಿನ ಕಾಯಿ ಹೋಗೋ ಹಾಗೆ ಕಟ್ಟಿಹಾಕೋದು) ಬೇಕಾ, ಎರಡು ನಡೆಯ ಮೇಟ್ ಬೇಕಾ, ಬಗೆ ಆರಿಸ್ಕೊಂಡು ಮಾಡ್ಬಹುದು. ನೆಟ್‌ವರ್ಕ್ ಇಲ್ದಾಗಲೂ ಆಪ್‌ನಲ್ಲಿ ಒಂದಷ್ಟು ಪಜಲ್ ಸಿಗುತ್ತೆ, ನಿಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಎಚ್ಚರಿಕೆ: ಅಲ್ಲಿ ರೇಟಿಂಗ್ ಜಾಸ್ತಿ ತೋರಿಸುತ್ತೆ. ನೋಡಿ ಹಿಗ್ಗಬೇಡಿ.

ತೋಟದ ರೈಟರ್:

ಅಮ್ಮಾ, ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ಹತ್ತು ವರ್ಷದ ಹಿಂದೆ ಇದು ನನ್ನದೇ ಕಥೆ. ಓಪನಿಂಗ್ ಕೋರ್ಸ್‌ನ ವಿಷಯ ಮನೆಯಲ್ಲಿ ಹೇಳದೇ ಇದ್ದದ್ದೂ ಸೇರಿ.

ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ಇಪ್ಪತ್ತೇಳು ವರ್ಷದಿಂದ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ ಆಗಿದ್ದೀನಿ. ಚೆಸ್ ಕಲಿತದ್ದು ನಲವತ್ತಾರನೇ ವಯಸ್ಸಿಗೆ, ಪಕ್ಕದ ತೋಟದ ಒಬ್ಬ ರಿಟೈರ್ಡ್ ಸುಬೇದಾರರ ಹತ್ರ. ಅವರು ಮಾತಾಡ್ತಿರಲಿಲ್ಲ, ಸೋಲಿಸ್ತಿದ್ದರು. ನಾನು ಸೋತು ಸೋತು ಅದೇ ತಪ್ಪನ್ನ ಮತ್ತೆ ಮಾಡ್ತಿದ್ದೆ. ಒಂದು ದಿನ ಅವರೇ ಕೇಳಿದರು: ‘ನಿನ್ನ ತೋಟದಲ್ಲಿ ಯಾರು ಎಷ್ಟು ದಿನ ಕೆಲಸಕ್ಕೆ ಬಂದಿಲ್ಲ ಅಂತ ಹೇಗೆ ಹೇಳ್ತೀಯ?’ ಚೆಕ್‌ರೋಲ್ ನೋಡಿ ಹೇಳ್ತೀನಿ ಅಂದೆ. ‘ನೀನು ಯಾವತ್ತು ಯಾಕೆ ಸೋತೆ ಅನ್ನೋದಕ್ಕೆ ಚೆಕ್‌ರೋಲ್ ಎಲ್ಲಿ?’ ಅಂದರು.

ಅವತ್ತೇ ಹಳೇ ಚೆಕ್‌ರೋಲ್ ಪುಸ್ತಕದ ಉಳಿದ ಹಾಳೆಗಳಲ್ಲಿ ಗೆರೆ ಎಳೆದೆ. ತಾರೀಕು, ಎಷ್ಟನೇ ನಡೆಗೆ ಆಟ ಕೆಟ್ಟಿತು, ಆ ನಡೆ ಇಡೋವಾಗ ನಾನು ಏನು ಅಂದ್ಕೊಂಡಿದ್ದೆ, ನಿಜವಾಗಿ ಏನಿತ್ತು. ಕೊನೆಯ ಕಾಲಂನಲ್ಲಿ ಬರೀ ಒಂದು ಮಾತು. ‘ನೋಡಲಿಲ್ಲ’, ‘ಲೆಕ್ಕ ತಪ್ಪಿತು’, ‘ಗೊತ್ತಿರಲಿಲ್ಲ’, ‘ಟೈಮ್’, ಈ ನಾಲ್ಕರಲ್ಲಿ ಒಂದು.

ನಲವತ್ತು ಸೋಲು ತುಂಬಿದ ಮೇಲೆ ಕೂಡಿಸಿದೆ. ‘ನೋಡಲಿಲ್ಲ’ 23. ‘ಲೆಕ್ಕ ತಪ್ಪಿತು’ 9. ‘ಗೊತ್ತಿರಲಿಲ್ಲ’ 5. ‘ಟೈಮ್’ 3. ಆ ‘ಗೊತ್ತಿರಲಿಲ್ಲ’ ಐದರಲ್ಲಿ ಓಪನಿಂಗ್ ಅಂತ ಹೇಳಬಹುದಾದ್ದು ಎರಡೇ ಎರಡು. ನಾನೋ, ಇದ್ದ ಸಮಯದಲ್ಲಿ ಮುಕ್ಕಾಲು ಪಾಲು ಆ ಎರಡಕ್ಕೇ ಸುರೀತಾ ಇದ್ದೆ! ಬೋರರ್ ಹುಳ ಹಿಡಿದಿರೋದು ಅರೇಬಿಕಾ ಗಿಡಕ್ಕೆ, ನಾನು ಔಷಧಿ ಹೊಡೀತಿದ್ದದ್ದು ಸಿಲ್ವರ್ ಮರಕ್ಕೆ.

ಬರೆಯೋದಕ್ಕೆ ಒಂದೇ ಕಟ್ಟುನಿಟ್ಟು. ಆಟ ಮುಗಿದ ತಕ್ಷಣ ಇಂಜಿನ್, ಅಂದ್ರೆ ನಡೆಗಳನ್ನ ಪರೀಕ್ಷೆ ಮಾಡೋ ಚೆಸ್ ಪ್ರೋಗ್ರಾಮ್, ಹಾಕಬಾರದು. ಕಂಪ್ಯೂಟರ್ ‘ಬ್ಲಂಡರ್’ ಅಂತ ಕೆಂಪು ಗುರುತು ತೋರಿಸಿದ ಕೂಡಲೇ ನಮ್ಮ ತಲೆ ‘ಓ ಹೌದು’ ಅಂದುಬಿಡುತ್ತೆ, ಅಲ್ಲಿಗೆ ಯೋಚನೆ ಮುಗೀತು. ಮೊದಲು ನೀವೇ ಹುಡುಕಿ, ಬರೀರಿ, ಕೊನೆಗೆ ಬೇಕಾದ್ರೆ ಇಂಜಿನ್‌ನಲ್ಲಿ ತಾಳೆ ನೋಡಿ. ಗುಕೇಶ್‌ಗೆ ಕೋಚ್ ವಿಷ್ಣು ಪ್ರಸನ್ನ ಅವರು 2500 ರೇಟಿಂಗ್ ಹತ್ರ ಬರೋವರೆಗೂ ಇಂಜಿನ್ ಮುಟ್ಟೋಕೆ ಬಿಟ್ಟಿರಲಿಲ್ಲ. ಅಂಥವರಿಗೇ ಅಷ್ಟು ಪಥ್ಯ ಇತ್ತು ಅಂದ್ರೆ ನಮಗೆ ಹತ್ತು ನಿಮಿಷದ ಉಪವಾಸ ಏನೂ ಅಲ್ಲ.

‘ನೋಡಲಿಲ್ಲ’ಕ್ಕೆ ಮದ್ದು ಏನು ಅಂತೀರಾ? ನಮ್ಮಲ್ಲಿ ಹಣ್ಣು ತೂಕ ಹಾಕೋವಾಗ ಒಂದು ರೂಢಿ ಇದೆ. ಮೂಟೆ ಇಟ್ಟ ಕೂಡಲೇ ಮುಳ್ಳು ಎಗರಾಡುತ್ತೆ. ಅದು ನಿಲ್ಲೋವರೆಗೂ ಪುಸ್ತಕದಲ್ಲಿ ಬರೆಯಬಾರದು. ಹೊಸ ರೈಟರ್‌ಗಳು ಸಾಲು ಉದ್ದ ಇದೆ ಅಂತ ಬರೆದುಬಿಡ್ತಾರೆ, ಸಂಜೆ ಲೆಕ್ಕ ಕೂಡಲ್ಲ. ಆಟದಲ್ಲೂ ಅಷ್ಟೆ. ನಡೆ ನಿರ್ಧಾರ ಆಯ್ತು ಅಂದ ಮೇಲೆ ಒಂದು ಉಸಿರು ತಗೊಂಡು ಎದುರಿನವನ ಕಡೆಯಿಂದ ನೋಡಬೇಕು. ನಾನು ಇದನ್ನ ಇಟ್ಟರೆ ಅವನಿಗೆ ಚೆಕ್ ಏನಿದೆ? ಯಾವುದನ್ನ ಹೊಡೀಬಹುದು? ಯಾವುದನ್ನ ಹೆದರಿಸಬಹುದು? ಹತ್ತು ಸೆಕೆಂಡ್ ಕೆಲಸ. ಹತ್ತು ನಿಮಿಷದ ಆಟದಲ್ಲಿ ಇದಕ್ಕೆ ಜಾಗ ಇಲ್ಲ ಅಂತ ಅನ್ನಿಸಿದ್ರೆ ಹತ್ತು ನಿಮಿಷದ ಆಟ ಬಿಡಿ. ಹದಿನೈದು ನಿಮಿಷ, ನಡೆಗೆ ಹತ್ತು ಸೆಕೆಂಡ್ ಸೇರೋ ಆಟ ಆಡಿ. ದಿನಕ್ಕೆ ಒಂದೇ ಸಾಕು. ಒಂದು ದಿನ ಆಟ, ಮಾರನೇ ದಿನ ಆ ಆಟದ ಚೆಕ್‌ರೋಲ್ ಮತ್ತು ಎಂಟು ಪಜಲ್. ಒಂಟೆ ಸವಾರರು ಹೇಳಿದ್ದು ಸರಿ, ಎಂಟೇ. ತಪ್ಪಿದ ಪಜಲ್‌ಗಳನ್ನ ಎತ್ತಿಟ್ಟುಕೊಂಡು ವಾರದ ಮೇಲೆ ಅವನ್ನೇ ಮತ್ತೆ ಮಾಡಿ. ಹೊಸದಕ್ಕಿಂತ ಹಳೇ ತಪ್ಪು ಜಾಸ್ತಿ ಕಲಿಸುತ್ತೆ.

ಭಾನುವಾರ ಮಾತ್ರ ಎಂಡ್‌ಗೇಮ್, ಅಂದ್ರೆ ಕಾಯಿ ಕಮ್ಮಿ ಉಳಿದ ಆಟದ ಕೊನೆ ಭಾಗ. ಜಾಸ್ತಿ ಬೇಡ, ಸದ್ಯಕ್ಕೆ ಒಂದೇ ಒಂದು ಚಿತ್ರ ತಲೆಯಲ್ಲಿ ಕೂರಿಸ್ಕೊಳ್ಳಿ. ನಿಮ್ಮ ಬಿಳಿ ರಾಜ ಇ5 ಮನೆಯಲ್ಲಿ (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು), ಕಾಲಾಳು ಇ4. ಎದುರಾಳಿ ರಾಜ ಇ7. ಬೋರ್ಡ್ ಮೇಲೆ ಇನ್ನೇನೂ ಇಲ್ಲ. ಸರದಿ ಅವನದಾದ್ರೆ ನೀವು ಗೆದ್ದಿರಿ, ಅವನು ಯಾವ ಕಡೆ ಸರಿದ್ರೂ ನಿಮ್ಮ ರಾಜ ಇನ್ನೊಂದು ಕಡೆಯಿಂದ ಒಳಗೆ ನುಗ್ತಾನೆ. ಸರದಿ ನಿಮ್ಮದಾದ್ರೆ ಡ್ರಾ, ನೀವು ಡಿ5ಗೆ ಹೋದ್ರೆ ಅವನು ಡಿ7ಗೆ ಬಂದು ಎದುರಿಗೆ ನಿಲ್ತಾನೆ. ಅದೇ ಬೋರ್ಡು, ಅದೇ ಕಾಯಿ, ಸರದಿ ಯಾರದು ಅನ್ನೋದೊಂದೇ. ಮನೆಯ ಬೋರ್ಡ್ ಮೇಲೆ ಇಟ್ಟು ಎರಡೂ ಕಡೆಯಿಂದ ಹತ್ತು ಸಲ ಆಡಿ ನೋಡಿ.

ಇದು ಸಣ್ಣ ಮಕ್ಕಳ ಪಾಠ ಅಂತ ಕಾಣುತ್ತೆ. 2024ರ ಡಿಸೆಂಬರ್ 12, ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್, ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಹದಿನಾಲ್ಕನೇ ಆಟ. ಆರೂವರೆ, ಆರೂವರೆ ಸಮ ಇತ್ತು. ಕುಯ್ಲಿನ ಸಮಯ, ನಾನು ಕಣದ ಪಕ್ಕ ಮೂಟೆ ಮೇಲೆ ಕೂತು ಮೊಬೈಲ್ ನೋಡ್ತಿದ್ದೆ. 55ನೇ ನಡೆಗೆ ಡಿಂಗ್ ರೂಕ್‌ನ ಎಫ್2ಗೆ ಇಟ್ಟರು. ರೂಕ್ ರೂಕ್ ಹೊಡೆದಾಯ್ತು, ಗುಕೇಶ್ ಒಂಟೆಯನ್ನ ಡಿ5ಗೆ ತಂದು ಅದನ್ನೂ ಬದಲಾಯಿಸಿದರು. ಉಳಿದದ್ದು ರಾಜ, ಕಾಲಾಳು ಅಷ್ಟೇ. 58ನೇ ನಡೆ ಆದ ಮೇಲೆ ಡಿಂಗ್ ಸೋಲೊಪ್ಪಿ ಕೈ ಕುಲುಕಿದರು. ಹದಿನೆಂಟು ವರ್ಷದ ಹುಡುಗ ವಿಶ್ವ ಚಾಂಪಿಯನ್. ನಾನು ಎದ್ದು ಕೂಗಿದ್ದಕ್ಕೆ ಕೆಲಸದವರು ಹಾವು ಬಂತು ಅಂದ್ಕೊಂಡರು.

ನಾನು ರೂಕ್ ಅಂತಲೇ ಬರೆಯೋದಕ್ಕೂ ಕಾರಣ ಇದೆ, ಆನೆ ಅನ್ನಲ್ಲ. ಒಂದು ರಾತ್ರಿ ಆಡ್ತಾ ಆಡ್ತಾ ‘ಅಯ್ಯೋ ಆನೆ ಒಳಗೆ ಬಂತು’ ಅಂದೆ. ಹೆಂಡತಿ ಟಾರ್ಚ್ ಹಿಡಿದು, ಲೈನ್‌ಮನೆಯ ಕೆಲಸದವರನ್ನೆಲ್ಲಾ ಎಬ್ಬಿಸಿಬಿಟ್ಟಿದ್ದಳು.

ಜೆರಾಕ್ಸ್ ಅಕ್ಕ:

ರೈಟರ್ರೇ, ಕೈ ಮುಗಿದೆ. ನಾನು ಲಾಂಗ್ ನೋಟ್‌ಬುಕ್ ಒಂದನ್ನ ಅಂಗಡಿಯಿಂದಲೇ ತೆಗ್ದು ಗೆರೆ ಹಾಕ್ದೆ. ಮೊದಲ ಎಂಟ್ರಿ ಇಲ್ಲೇ ಹಾಕ್ತೀನಿ, ಮರ್ಯಾದೆ ಹೋದ್ರೆ ಹೋಗ್ಲಿ. ಲಂಡನ್ ಬಿಟ್ಟು ಈಗ ಇಟಾಲಿಯನ್ ಅನ್ನೋ ಓಪನಿಂಗ್ ಆಡ್ತಿದ್ದೀನಿ.

ನಂದು ಬಿಳಿ. ಇ4, ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4. ಆಗ ಅವನು ಆ ಸಿ6 ಕುದುರೆಯನ್ನೇ ಎತ್ತಿ ಡಿ4ಗೆ ಇಟ್ಟ. ಇ5 ಕಾಲಾಳಿಗೆ ಕಾವಲೇ ಇಲ್ಲ! ನಾನು ಕುದುರೆಯಿಂದ ಹೊಡೆದೆ. ಅವನು ರಾಣಿ ಜಿ5. ನಾನು ಕುದುರೆಯಿಂದ ಎಫ್7 ಹೊಡೆದೆ, ರಾಣಿಗೂ ಮೂಲೆ ರೂಕ್‌ಗೂ ಒಟ್ಟಿಗೆ ಫೋರ್ಕ್! ಆ ಒಂದು ನಿಮಿಷ ನಾನು ಮಹಾರಾಣಿ. ಅವನ ರಾಣಿ ಜಿ2 ಹೊಡೀತು. ನಾನು ರೂಕ್‌ನ ಎಫ್1ಗೆ ಸರಿಸಿದೆ. ರಾಣಿ ಇ4 ಹೊಡೆದು ಚೆಕ್. ಒಂಟೆ ಇ2 ಅಡ್ಡ ಇಟ್ಟೆ. ಕುದುರೆ ಎಫ್3, ಮೇಟ್. ಏಳೇ ನಡೆ. ಆ ಒಂಟೆ ಎಫ್3 ಹೊಡೆಯೋಕೆ ಆಗಲ್ಲ, ಹೊಡೆದ್ರೆ ರಾಣಿಯ ದಾರಿ ಬಿಡುತ್ತೆ. ನನ್ನ ರಾಜನ ಸುತ್ತ ನನ್ನವರೇ ನಿಂತಿದ್ದಾರೆ, ಓಡೋಕೆ ಜಾಗ ಇಲ್ಲ.

ಏನು ಅಂದ್ಕೊಂಡಿದ್ದೆ: ಕಾಲಾಳು ಬಿಟ್ಟಿ. ನಿಜವಾಗಿ ಏನಿತ್ತು: ಗಾಳ. ಕೊನೆ ಕಾಲಂನಲ್ಲಿ ‘ಗೊತ್ತಿರಲಿಲ್ಲ’ ಅಂತ ಬರ್ದೆ. ಇದೊಂದು ಟ್ರ್ಯಾಪ್ ಅಲ್ವಾ, ಮೊದಲೇ ಓದಿರಬೇಕಿತ್ತು. ಸರಿನಾ?

ತೋಟದ ರೈಟರ್:

ತಪ್ಪು ಕಾಲಂ. ‘ನೋಡಲಿಲ್ಲ’ ಅಂತ ತಿದ್ದಿ.

ಹೆಸರಿರೋ ಹಳೇ ಟ್ರ್ಯಾಪೇ ಅದು, ಒಪ್ಪಿದೆ. ಆದ್ರೆ ಓದಿರಬೇಕಾಗಿರಲಿಲ್ಲ. ಬಿಟ್ಟಿ ಸಿಕ್ಕಿದ್ರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನೋ ಬುದ್ಧಿ ಎದ್ದಾಗಲೇ ಮುಳ್ಳು ಎಗರಾಡ್ತಾ ಇದೆ ಅಂತ ಅರ್ಥ. ಇ5 ಹೊಡೆಯೋ ಮೊದಲು ‘ಆಮೇಲೆ ಅವನ ರಾಣಿ ಎಲ್ಲೆಲ್ಲಿ ಹೋಗಬಹುದು’ ಅಂತ ಕೇಳಿದ್ರೆ ಜಿ5 ಕಾಣ್ತಿತ್ತು. ಅಲ್ಲಿಂದ ಇ5ರಲ್ಲಿರೋ ನಿಮ್ಮ ಕುದುರೆಗೂ ಗುರಿ, ಜಿ2 ಕಾಲಾಳಿಗೂ ಗುರಿ. ಅವನು ಒಂದೇ ಕುದುರೆಯನ್ನ ಎರಡು ಸಲ ಎತ್ತಿದ, ಅದೇ ವಾಸನೆ. ಸುಮ್ಮನೆ ನಿಮ್ಮ ಕುದುರೆಯಿಂದ ಡಿ4 ಕುದುರೆಯನ್ನ ಹೊಡೆದಿದ್ರೆ ಅವನು ಕಾಲಾಳಿನಿಂದ ತಗೊಳ್ತಿದ್ದ, ನೀವು ಕ್ಯಾಸಲ್ ಮಾಡ್ತಿದ್ರಿ, ಅವನ ಒಂದು ಕಾಯಿಯೂ ಹೊರಗೆ ಬಂದಿರ್ತಿರಲಿಲ್ಲ. ಆಟ ನಿಮ್ಮದು.

ಟ್ರ್ಯಾಪ್‌ಗಳನ್ನ ಒಂದೊಂದಾಗಿ ಬಾಯಿಪಾಠ ಮಾಡೋಕೆ ಹೋದ್ರೆ ಮುಗಿಯೋದಿಲ್ಲ. ಈ ಒಂದು ಪ್ರಶ್ನೆ ಬಾಯಿಪಾಠ ಆದ್ರೆ ಅರ್ಧಕ್ಕರ್ಧ ಟ್ರ್ಯಾಪು ತಾನೇ ಕಾಣುತ್ತೆ.

ಕುಶಾಲನಗರ ಹುಡುಗ:

ಕ್ಷಮಿಸಿ ಅಂಕಲ್, ಪೂರ್ತಿ ಒಪ್ಪಲ್ಲ. ನಾನು ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ, ಟೂರ್ನಮೆಂಟ್ ಆಡ್ತೀನಿ. ಗುಕೇಶ್‌ಗೆ ಇಂಜಿನ್ ಇರ್ಲಿಲ್ಲ ಸರಿ, ಪಕ್ಕದಲ್ಲಿ ಕೂತು ‘ಇಲ್ಲಿ ತಪ್ಪಿದೆ’ ಅನ್ನೋಕೆ ಗ್ರ್ಯಾಂಡ್‌ಮಾಸ್ಟರ್ ಇದ್ರು. ಗೋಣಿಕೊಪ್ಪದ ಅಕ್ಕನಿಗೆ ಯಾರಿದ್ದಾರೆ? ಒಬ್ಬರೇ ಕೂತು ಹುಡುಕಿದ್ರೆ ತಪ್ಪು ಕಾರಣವನ್ನೇ ಸರಿ ಅಂತ ಬರ್ಕೊಳ್ಳೋ ಅಪಾಯ ಇದೆ. ಈಗಷ್ಟೇ ಮೇಲೆ ಆಗಿದ್ದೂ ಅದೇ, ನೀವು ತಿದ್ದಿದ್ರಿ ಅಂತ ಗೊತ್ತಾಯ್ತು. ನೀವಿಲ್ದಿದ್ರೆ? ಹತ್ತು ನಿಮಿಷ ತಾವೇ ನೋಡ್ಲಿ, ಆದ್ರೆ ಇಂಜಿನ್ ತಾಳೆ ‘ಬೇಕಾದ್ರೆ’ ಅಲ್ಲ, ಕಡ್ಡಾಯ.

ಓಪನಿಂಗ್ ಬಗ್ಗೆಯೂ ಅಷ್ಟೇ. ಆರು ಗಂಟೆ ವಿಡಿಯೊ ಬೇಡ, ಆದ್ರೆ ಬಿಳಿಗೊಂದು, ಕಪ್ಪಲ್ಲಿ ಇ4ಗೊಂದು ಡಿ4ಗೊಂದು, ಐದೈದು ನಡೆ ಗೊತ್ತಿದ್ರೆ ಗಡಿಯಾರದಲ್ಲಿ ಎರಡು ನಿಮಿಷ ಉಳಿಯುತ್ತೆ. ಆ ಎರಡು ನಿಮಿಷದಲ್ಲೇ ನಿಮ್ಮ ಮುಳ್ಳು ನಿಲ್ಲೋದು.

ಮತ್ತೆ ಅಕ್ಕ, ಒಂದು ಸಲ ಎದುರಾಬದುರು ಕೂತು ಟೂರ್ನಮೆಂಟ್ ಆಡಿ. ಸ್ಕ್ರೀನ್ ಮೇಲೆ ಕಂಡದ್ದು ಮರದ ಬೋರ್ಡ್ ಮೇಲೆ ಕಾಣಲ್ಲ, ಅದು ಬೇರೆಯೇ ಅಭ್ಯಾಸ. ಅಲ್ಲಿ ನಡೆ ಬರೆಯೋದು ನಿಯಮ, ಹಾಗಾಗಿ ಚೆಕ್‌ರೋಲ್‌ಗೆ ಸರಕೂ ಸಿಗುತ್ತೆ. ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ರೇಟಿಂಗ್ ಮೇಲೆ ಮಾತ್ರ ಈಗಲೇ ಕಣ್ಣು ಹಾಕ್ಬೇಡಿ. 2024ರ ಮಾರ್ಚ್‌ನಿಂದ ಅದು 1400ರಿಂದ ಶುರು, ಅದಕ್ಕಿಂತ ಕೆಳಗಿದ್ರೆ ಪಟ್ಟಿಯಲ್ಲೇ ಹೆಸರು ಬರಲ್ಲ. ಮಕ್ಕಳ ಸಾಲಲ್ಲಿ ಕೂರೋಕೆ ನಾಚಿಕೆ ಅಂದ್ರಲ್ಲ, ನನ್ನನ್ನ ಹೋದ ತಿಂಗಳು ಹನ್ನೊಂದು ವರ್ಷದ ಹುಡುಗಿ ಸೋಲಿಸಿ ‘ಅಣ್ಣಾ ಚೆನ್ನಾಗಿ ಆಡಿದ್ರಿ’ ಅಂದ್ಳು.

ತೋಟದ ರೈಟರ್:

ಇಂಜಿನ್ ಕಡ್ಡಾಯ ಅನ್ನೋದು ಒಪ್ಪಿದೆ ಮಗಾ, ನನ್ನ ಮಾತು ಅಷ್ಟರಮಟ್ಟಿಗೆ ಸಡಿಲ ಇತ್ತು. ನಾನು ಬರೆದ ಎಷ್ಟು ಕಾರಣ ತಪ್ಪು ಅಂತ ಈಗ ಲೆಕ್ಕ ಹಾಕೋಕೆ ಧೈರ್ಯ ಇಲ್ಲ. ಸುಬೇದಾರರು ಇದ್ದಾಗ ಅವರೇ ನನ್ನ ಇಂಜಿನ್. ಓಪನಿಂಗ್ ವಿಷಯದಲ್ಲಿ ಐದು ನಡೆ ಅಂತ ಶುರು ಮಾಡಿದವರು ಹದಿನೈದಕ್ಕೆ ನಿಲ್ಲಿಸಿದ್ದನ್ನ ನಾನು ನೋಡಿಲ್ಲ. ಅದೊಂದು ಜಗಳ ಉಳೀಲಿ.

ಜೆರಾಕ್ಸ್ ಅಕ್ಕ:

ಐದು ವಾರ ಆಯ್ತು, ವರದಿ ಒಪ್ಪಿಸ್ತಿದ್ದೀನಿ. ರೇಟಿಂಗ್ 1091. ಹೌದು, ಇಳಿದಿದೆ, ನಗ್ಬೇಡಿ. ಹದಿನೈದು ನಿಮಿಷದ ಆಟದಲ್ಲಿ ಎದುರಿನವರೂ ಯೋಚನೆ ಮಾಡ್ತಾರೆ ಅನ್ನೋದು ನನಗೆ ಹೊಳೆದಿರ್ಲಿಲ್ಲ. ಆದ್ರೆ ಪುಸ್ತಕದಲ್ಲಿ ಬೇರೆ ಕಥೆ ಇದೆ. ಮೊದಲ ಹತ್ತು ಸೋಲಲ್ಲಿ ‘ನೋಡಲಿಲ್ಲ’ ಏಳು, ಆಮೇಲಿನ ಹತ್ತರಲ್ಲಿ ಮೂರು. ‘ಟೈಮ್’ ಜಾಸ್ತಿ ಆಗಿದೆ, ಮುಳ್ಳು ನಿಲ್ಲೋದನ್ನ ಕಾಯ್ತಾ ಕಾಯ್ತಾ ಟೈಮ್ ಮುಗಿದು ಬಾವುಟ ಬೀಳುತ್ತೆ. ಕುಶಾಲನಗರದ ತಮ್ಮ ಹೇಳಿದ ಐದೈದು ನಡೆ ಕಲಿತೆ. ಆರನೇದು ಕಲಿಯೋಕೆ ಕೈ ತುರಿಸ್ತಿದೆ, ರೈಟರ್ ಹೆದರಿಕೆಗೆ ಬಿಟ್ಟಿದ್ದೀನಿ.

ಇನ್ನೊಂದು. ಕೈಲ್ ಪೊಳ್ದ್, ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬದ ದಿನ ಅಂಗಡಿ ರಜೆ. ಕಡಂಬುಟ್ಟು, ಪಂದಿಕರಿ ಹೊಟ್ಟೆ ಬಿರಿಯೋ ಹಾಗೆ ತಿಂದು ಮಗನ ಜೊತೆ ಬೋರ್ಡ್ ಹಾಕ್ದೆ. ಅವನು ನನ್ನ ಪುಸ್ತಕ ತಿರುವಿ ನೋಡಿ ‘ಅಮ್ಮಾ, ನನ್ ಹತ್ರ ಸೋತಿದ್ದು ಒಂದೂ ಬರ್ದೇ ಇಲ್ವಲ್ಲ’ ಅಂದ. ಸರಿ, ಇವತ್ತು ಬರ್ಕೊಂಡೇ ಆಡೋಣ ಅಂದೆ. ಎರಡು ಗಂಟೆ ಆಡಿದ್ವಿ. ಹೊಡೆದೂ ಹೊಡೆದೂ ಕೊನೆಗೆ ಉಳಿದದ್ದು ನನ್ನ ರಾಜ ಇ5, ಕಾಲಾಳು ಇ4, ಅವನ ರಾಜ ಇ7. ರೈಟರ್ರೇ, ನಿಮ್ಮಾಣೆ, ಅದೇ ಚಿತ್ರ! ಎದೆ ಡವಡವ. ಆದ್ರೆ ಸರದಿ ನನ್ನದು. ಅಂದ್ರೆ ಡ್ರಾ.

ಡ್ರಾ ಅಂತ ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮುಖ ಗಂಟು ಹಾಕ್ಕೊಂಡು ರಾಜನ್ನ ಡಿ5ಗೆ ಇಟ್ಟೆ. ಅವನು ಡಿ7ಗೆ ಬಂದಿದ್ರೆ ಮುಗೀತಿತ್ತು. ‘ಕಾಲಾಳು ಹಿಡೀತೀನಿ’ ಅಂತ ಹೇಳ್ಕೊಂಡೇ ಎಫ್6ಗೆ ಹೋದ. ನಾನು ಡಿ6. ಅಲ್ಲಿಂದ ಅವನು ಏನೇ ಮಾಡಿದ್ರೂ ನನ್ನ ಕಾಲಾಳು ಮೇಲೆ ಹೋಗೋದನ್ನ ತಡೆಯೋಕಾಗ್ಲಿಲ್ಲ. ರಾಣಿ ಬಂತು.

ಪುತ್ತರಿಯಿಂದ ಇದೇ ಮೊದಲು. ಅವನು ಅಳ್ಲಿಲ್ಲ. ನನ್ನ ಪೆನ್ನು ಕಿತ್ಕೊಂಡು, ಪುಸ್ತಕದ ಹಿಂದಿನ ಹಾಳೆಗೆ ತಾನೇ ಗೆರೆ ಹಾಕಿ, ಕೊನೆ ಕಾಲಂನಲ್ಲಿ ಏನು ಬರೀಬೇಕು ಅಂತ ಕೇಳ್ತಾ ಇದ್ದಾನೆ. ನಾನಿನ್ನೂ ಹೇಳಿಲ್ಲ.